ಮಸರಕಲ್ಲಿನ ಕಿವಿಗೆ ಬೆಂಗಳೂರಿನ ಮೆಟಲ್

ಕನ್ನಡದ ಸಂಗೀತ ವಿಮರ್ಶೆ ಹೆವಿ ಮೆಟಲ್ ಕಡೆಗೆ ಹೊರಳಿ ನೋಡಿದ್ದು ಬಹಳ ಕಡಿಮೆ. ಮಲ್ಲಿಕಾರ್ಜುನ ಮನ್ಸೂರರ ಗಾಯನದ ಬಗ್ಗೆ, ಯಕ್ಷಗಾನದ ಭಾಗವತಿಕೆಯ ಬಗ್ಗೆ, ಸುಗಮ ಸಂಗೀತದ ಏಳುಬೀಳಿನ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರವಣಿಗೆ ಇದೆ. ಆದರೆ ಮೂರು ದಶಕಕ್ಕೂ ಮೀರಿ ನಮ್ಮ ರಾಜಧಾನಿಯಲ್ಲೇ ಬೆಳೆದ, ಅಲ್ಲಿಂದ ಹೊರಟು ಯುರೋಪಿನ ವೇದಿಕೆ ಹತ್ತಿ ಬಂದ ಈ ಸಂಗೀತವನ್ನು ‘ಗದ್ದಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದೇವೆ. ಅದನ್ನು ಪ್ರೀತಿಸುವವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ, ಪ್ರೀತಿಸದವರು ಕನ್ನಡದಲ್ಲಿ ಬೈಯುತ್ತಾರೆ. ನಡುವೆ ತೂಗಿ ನೋಡುವ ಮಾತು ಹುಟ್ಟಲೇ ಇಲ್ಲ. ಬೆಂಗಳೂರಿನ ಮೆಟಲ್ ಒಂದು ನಿಜವಾದ ಪರಂಪರೆ ಎಂದು ನಾನು ನಂಬಿದ್ದೇನೆ. ವಾದ್ಯಗಾರಿಕೆಯಲ್ಲಿ ಅದಕ್ಕೆ ಶಿಸ್ತಿದೆ, ತಿರುಗಾಟದಲ್ಲಿ ಎದೆಗಾರಿಕೆ ಇದೆ, ಕೇಳುಗರಲ್ಲಿ ಅಪರೂಪದ ನಿಷ್ಠೆ ಇದೆ. ಆದರೂ ಅದು ಕೇಳುಗನ ಮನೆಬಾಗಿಲ ತನಕ ಬಂದು, ಒಳಗೆ ಕಾಲಿಡದೆ ನಿಂತುಬಿಟ್ಟಿದೆ.

ಇದನ್ನು ದೇವದುರ್ಗ ತಾಲ್ಲೂಕಿನ ಮಸರಕಲ್ಲಿನವನೊಬ್ಬ ಯಾಕೆ ಹೇಳಬೇಕು? ನಮ್ಮೂರು ಗೋಪಾಲದಾಸರು ಹುಟ್ಟಿದ ಊರು, ದಾಸಸಾಹಿತ್ಯದ ಪುಸ್ತಕಗಳಲ್ಲಿ ಮೊಸರಕಲ್ಲು ಎಂದು ಬರುವ ಊರು ಇದೇ. ಅವರ ಗುರು ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು. ಶಿಷ್ಯ ಜಗನ್ನಾಥದಾಸರು ನೆಲೆಸಿದ್ದು ಮಾನ್ವಿಯಲ್ಲಿ. 18ನೇ ಶತಮಾನದಲ್ಲಿ ಈ ಮೂವರೂ ಹಾಡುತ್ತ ಊರೂರು ತಿರುಗಿದವರು. ವಿಜಯದಾಸರಂತೂ ಕಾಶಿಯವರೆಗೆ ಹೋಗಿಬಂದವರು. ಒಂದು ಹಾಡಿನ ಪರಂಪರೆಯನ್ನು ಅಳೆಯುವ ಕೋಲನ್ನು ಇವರೇ ನಮ್ಮ ಕೈಗೆ ಕೊಟ್ಟು ಹೋಗಿದ್ದಾರೆ. ಹಾಡುಗಾರ ಊರು ಬಿಟ್ಟ ಮೇಲೆ ಹಾಡು ಊರಲ್ಲಿ ಉಳಿಯಿತೇ? ಕೇಳಿದವನ ಬಾಯಲ್ಲಿ, ಕೇಳಿದವನ ಮಾತಿನಲ್ಲಿ ಉಳಿಯಿತೇ? ಇನ್ನೂರೈವತ್ತು ವರ್ಷಗಳ ನಂತರವೂ ನಮ್ಮ ಭಾಗದ ಭಜನಾ ಮಂಡಳಿಗಳಲ್ಲಿ ಪುಸ್ತಕ ತೆಗೆಯದೆ ಗೋಪಾಲವಿಠಲ ಅಂಕಿತದ ಪದ ಹಾಡುವವರಿದ್ದಾರೆ. ಭಕ್ತಿ ಬೇರೆ, ಮೆಟಲ್ ಬೇರೆ, ಒಪ್ಪುತ್ತೇನೆ. ಆದರೆ ತಿರುಗಾಡುವ ಹಾಡುಗಾರರಿಗೆ ಇದಕ್ಕಿಂತ ನ್ಯಾಯವಾದ ಅಳತೆ ನನಗೆ ತಿಳಿದಿಲ್ಲ.

ಮೊದಲು ಗದ್ದಲದ ಮಾತು ಮುಗಿಸೋಣ. ಮುದಗಲ್ ಮೊಹರಂನಲ್ಲಿ ಅಲಾಯಿ ಕುಣಿಯ ಹತ್ತಿರ ನಿಂತವರಿಗೆ ಜೋರು ಸಂಗೀತವೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹಲಗೆ ಮತ್ತು ತಾಸೆ ಒಟ್ಟಿಗೆ ಏರಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಕುತ್ತದೆ. ಅದನ್ನು ಯಾರೂ ಗದ್ದಲ ಎನ್ನುವುದಿಲ್ಲ, ಯಾಕೆಂದರೆ ಅದರ ಲಯ ನಮಗೆ ಗೊತ್ತು. ಗೊತ್ತಿಲ್ಲದ ಲಯ ಮಾತ್ರ ಗದ್ದಲವಾಗಿ ಕೇಳುತ್ತದೆ.

ಈ ಸಂಗೀತ ಹುಟ್ಟಿದ ನೆಲವೂ ನಮಗೆ ತೀರ ದೂರದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ 1965ರಲ್ಲಿ ಟೋನಿ ಐಯೋಮಿ ಎಂಬ ಹದಿನೇಳರ ಹುಡುಗ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ ಬಿಡುವ ಕೊನೆಯ ದಿನ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈ ರೂಢಿಯವನಾದ್ದರಿಂದ ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಬಲಗೈ. ಬೆರಳಿಗೆ ಪ್ಲಾಸ್ಟಿಕ್ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಬಂದ, ಅವನ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್‌ನ ಭಾರದ ಹಿಂದೆ ಈ ಗಾಯವೂ ಇದೆ. ಹಟ್ಟಿಯ ಚಿನ್ನದ ಗಣಿ, 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸುತ್ತಿರುವ ವಿದ್ಯುತ್ ಸ್ಥಾವರ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ನಡುವೆ ಬೆಳೆದ ಹುಡುಗರಿಗೆ ಈ ಸದ್ದು ಹಿಡಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ದುಡಿಯುವ ಮನೆಗಳ ಮಕ್ಕಳು ಕಟ್ಟಿದ ಸಂಗೀತ ಅದು. ಕರ್ನಾಟಕದಲ್ಲಿ ಮಾತ್ರ ಅದು ಬಹುಕಾಲ ಕಾನ್ವೆಂಟು, ಕಾಲೇಜು ಫೆಸ್ಟುಗಳ ಸಂಗೀತವಾಗಿಯೇ ಉಳಿಯಿತು. ರಾಯಚೂರಿನ ಹುಡುಗರಿಗೆ ಅದು ಸಿಕ್ಕಿದ್ದು ತಡವಾಗಿ. ಯಾರದೋ ಹಾರ್ಡ್‌ಡಿಸ್ಕಿನಿಂದ ಕಾಪಿಯಾದ ಎಂಪಿ3 ಫೈಲುಗಳಲ್ಲಿ, ಎಂಜಿನಿಯರಿಂಗ್ ಹಾಸ್ಟೆಲಿನ ಕೋಣೆಗಳಲ್ಲಿ.

ಹಾಗೆ ಕೇಳಿದವರಲ್ಲಿ ಅನೇಕರ ಮೊದಲ ಪ್ರೀತಿ ಐರನ್ ಮೇಡನ್. 1975ರ ಕೊನೆಗೆ ಪೂರ್ವ ಲಂಡನ್ನಿನಲ್ಲಿ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಕಟ್ಟಿದ ಈ ತಂಡಕ್ಕೆ ಈಗ ಐವತ್ತು ವರ್ಷ ತುಂಬಿದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ಭಾರತದ ತಮ್ಮ ಮೊದಲ ಕಛೇರಿ ನಡೆಸಿದರು, 2009ರ ಫೆಬ್ರುವರಿಯಲ್ಲಿ ಮತ್ತೆ ಬಂದರು. ಬೆಂಗಳೂರಿನ ಮೆಟಲ್ ಕೇಳುಗರು ಇವತ್ತಿಗೂ ಕಾಲ ಎಣಿಸುವುದು 2007ರ ಹಿಂದೆ, 2007ರ ಮುಂದೆ ಎಂದೇ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬೆಳಿಗ್ಗೆ ಇಳಿದು, ಸಂಜೆ ಮೈದಾನದಲ್ಲಿ ನಿಂತು ದನಿ ಕಳೆದುಕೊಂಡು ಬಂದವರು ನಮ್ಮ ಕಡೆಯೂ ಇದ್ದಾರೆ.

ಅವರ ನಡುವಿನ ಮಾತುಕತೆ ಕೇಳಬೇಕು. ಬೆಂಗಳೂರಲ್ಲಿ ನೌಕರಿ ಮಾಡುವ ದೇವದುರ್ಗ, ಮಾನ್ವಿ ಕಡೆಯ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಕಟ್ಟೆಯ ಮೇಲೆ ನಡೆಯುವ ಚರ್ಚೆಗೆ ಯಾವ ಸಂಗೀತ ಸಭೆಯ ಚರ್ಚೆಯೂ ಸಮನಲ್ಲ.

“ಮೂರು ಗಿಟಾರ್ ಯಾಕ ಬೇಕ್ಲೇ? ಎರಡ ಸಾಕಾಗಿದ್ವು.”

“ಮೂರನೇದು ನಿನಗ ಕೇಳಲಿಲ್ಲಂದ್ರ ಹೆಡ್‌ಫೋನ್ ಬದಲು ಮಾಡು. ಇಬ್ರು ಜೋಡಿ ನುಡಿಸ್ಬೇಕಾದ್ರ ಕೆಳಗ ರಿದಮ್ ಹಿಡಿಯೋರು ಯಾರು?”

“ಆತಪಾ, ಅದ ಬೆರಳು, ಅದ ಓಟ, ನಲವತ್ತು ವರ್ಷದ ಮ್ಯಾಲೂ. ಆ ಮನಷ್ಯಾಗ ದಣಿವು ಅನ್ನೋದ ಇಲ್ಲೇನು?”

ಈ ಮೂರು ಮಾತಿನಲ್ಲೇ ಮೇಡನ್ ವಾದ್ಯಗಾರಿಕೆಯ ಮುಖ್ಯ ಪ್ರಶ್ನೆಗಳೆಲ್ಲ ಬಂದುಬಿಟ್ಟವು. ಕೊನೆಯವನು ಹೇಳಿದ ‘ಓಟ’ದಿಂದಲೇ ಶುರು ಮಾಡುತ್ತೇನೆ. ಹ್ಯಾರಿಸ್ ಪಿಕ್ ಹಿಡಿಯುವುದಿಲ್ಲ, ಬರಿಬೆರಳಿನಿಂದ ನುಡಿಸುತ್ತಾರೆ. ಅವರ ಗುರುತಾಗಿರುವ ಲಯವನ್ನು ಕುದುರೆ ಓಟ ಎನ್ನುತ್ತಾರೆ. ನಮ್ಮ ಛಂದಸ್ಸು ಕಲಿತವರಿಗೆ ಅದನ್ನು ತಿಳಿಸುವುದು ಸುಲಭ. ಒಂದು ಗುರು, ಎರಡು ಲಘು. ಅಂದರೆ ಭಗಣ. ನಾಲ್ಕು ಮಾತ್ರೆಯ ಒಂದು ಗಣ ಮತ್ತೆ ಮತ್ತೆ, ನಿಮಿಷಕ್ಕೆ 150ಕ್ಕೂ ಹೆಚ್ಚು ಸಲ, ಒಂದೂ ಜಾರದಂತೆ. 1983ರ ‘ದಿ ಟ್ರೂಪರ್’ ಹಾಡಿನಲ್ಲಿ ಈ ಗಣವೇ ಬೆನ್ನೆಲುಬು. ಹಾಡಿನ ವಸ್ತು 1854ರ ಕ್ರಿಮಿಯಾ ಯುದ್ಧದಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿದ ಕುದುರೆ ಪಡೆಯದು. ವಸ್ತುವಿಗೂ ಲಯಕ್ಕೂ ಇಷ್ಟು ನೇರವಾದ ನಂಟನ್ನು ನಾನು ಬೇರೆ ಕಡೆ ಕೇಳಿದ್ದು ಕಡಿಮೆ. ಬಾಸ್ ಇಲ್ಲಿ ಹಿಂದೆ ನಿಂತು ಶ್ರುತಿ ಹಿಡಿಯುವ ವಾದ್ಯವಲ್ಲ, ಗಿಟಾರುಗಳನ್ನು ಮುಂದಕ್ಕೆ ದೂಡುವ ವಾದ್ಯ.

ಇನ್ನು ಜೋಡಿ ಗಿಟಾರ್. ಡೇವ್ ಮರ್ರೆ ಮತ್ತು ಏಡ್ರಿಯನ್ ಸ್ಮಿತ್ ಒಂದೇ ಸ್ವರಸಾಲನ್ನು ಹಿಡಿಯುತ್ತಾರೆ. ಒಬ್ಬರು ಷಡ್ಜದಿಂದ ಹೊರಟರೆ ಇನ್ನೊಬ್ಬರು ಗಾಂಧಾರದಿಂದ ಹೊರಟು ಜೊತೆಗೇ ಸಾಗುತ್ತಾರೆ. ಈ ಪದ್ಧತಿ ಅವರು ಹುಟ್ಟಿಸಿದ್ದಲ್ಲ, ವಿಷ್‌ಬೋನ್ ಆ್ಯಶ್, ಥಿನ್ ಲಿಝಿ ತಂಡಗಳಿಂದ ಬಂದದ್ದು. ಆದರೆ ಅದನ್ನು ಹಾಡಿನ ಅಲಂಕಾರದಿಂದ ಹಾಡಿನ ಮುಖ್ಯ ಮಾತಾಗಿ ಮಾಡಿದವರು ಇವರು. ‘ಫಿಯರ್ ಆಫ್ ದಿ ಡಾರ್ಕ್’ ನುಡಿಸುವಾಗ ಜನ ಗಿಟಾರಿನ ಸ್ವರಗಳನ್ನೇ ಬಾಯಲ್ಲಿ ಹಾಡುತ್ತಾರೆ, ಸಾಹಿತ್ಯಕ್ಕಾಗಿ ಕಾಯುವುದಿಲ್ಲ. ಸಾವಿರಾರು ಜನ ವಾದ್ಯದ ಸಾಲನ್ನು ಶ್ರುತಿಬದ್ಧವಾಗಿ ಹಾಡುವುದು ನಮ್ಮ ಶಾಸ್ತ್ರೀಯ ಕಛೇರಿಗಳಲ್ಲಿ ಕಾಣದ ಸಂಗತಿ. ದಾಸರ ಅಳತೆಗೋಲಿನ ಅರ್ಧ ಇಲ್ಲಿ ತುಂಬಿತು ಎಂದೇ ನನ್ನ ಎಣಿಕೆ. ಹಾಡು ಕೇಳುಗನ ಬಾಯಿಗೆ ಬಂದಿದೆ.

ಹಿಂದುಸ್ತಾನಿ ಕೇಳಿ ಬೆಳೆದವರು ಇಲ್ಲೊಂದು ಆಕ್ಷೇಪ ಎತ್ತುತ್ತಾರೆ. ನಮ್ಮ ಸಿದ್ಧರಾಮ ಜಂಬಲದಿನ್ನಿಯವರು ಒಂದೇ ವಚನವನ್ನು ಎರಡು ಕಡೆ ಹಾಡಿದರೆ ಎರಡು ಬೆಳಕಿನಲ್ಲಿ ಕಾಣಿಸುತ್ತಿತ್ತು. ಇವರೋ ಪ್ರತಿ ರಾತ್ರಿ ಅದೇ ಹಾಡು, ಅದೇ ಸೋಲೋ, ಬಹುಮಟ್ಟಿಗೆ ಅದೇ ಸ್ವರ. ಇದರಲ್ಲಿ ಮನೋಧರ್ಮ ಎಲ್ಲಿದೆ? ಆಕ್ಷೇಪ ಗಟ್ಟಿಯಾದದ್ದೇ. ಆದರೆ ಮೆಟಲ್‌ನ ಸೋಲೋ ರಾಗವಿಸ್ತಾರವಲ್ಲ, ಅದು ರಚನೆಯ ಅಂಗ. ಕಟ್ಟಿದ ಕೃತಿಯನ್ನು ಕಟ್ಟಿದಂತೆ ನಿಲ್ಲಿಸುವುದೇ ಅಲ್ಲಿನ ಪಂಥ. ಐದಾರು ಜನ ಒಂದೇ ಉಸಿರಿನಲ್ಲಿ ಲಯ ಬದಲಿಸುವ, ಒಂದೇ ಏಟಿಗೆ ನಿಲ್ಲುವ ಸಾಮೂಹಿಕ ಶಿಸ್ತಿನಲ್ಲಿ ಅದರ ಸೊಗಸು ಇದೆ. ಒಬ್ಬನ ಪ್ರತಿಭೆಯನ್ನು ಹುಡುಕಿ ಹೋದ ಕಿವಿ ಬರಿಗೈಲಿ ವಾಪಸಾಗುತ್ತದೆ.

ಮೇಡನ್‌ನ ನಿಜವಾದ ದೋಷ ಬೇರೆ ಕಡೆ ಇದೆ. 1999ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಸ್ಮಿತ್ ಮರಳಿ ಬಂದ ಮೇಲಿನ ಆಲ್ಬಮ್‌ಗಳು ಉದ್ದವಾಗುತ್ತ ಹೋದವು. 2015ರ ‘ದಿ ಬುಕ್ ಆಫ್ ಸೋಲ್ಸ್’ನಲ್ಲಿ ಒಂದೇ ಹಾಡು 18 ನಿಮಿಷದ್ದು. 2021ರ ‘ಸೆಂಜುತ್ಸು’ 80 ನಿಮಿಷ ದಾಟುತ್ತದೆ. ಮೆಲ್ಲಗೆ ಬಾಸ್‌ನಿಂದ ಶುರು, ನಡುವೆ ಓಟ, ಪಲ್ಲವಿಯನ್ನೇ ಎಂಟು ಹತ್ತು ಸಲ ಹೇಳುವುದು, ಕೊನೆಗೆ ಮತ್ತೆ ಮೆಲ್ಲಗೆ ಬಾಸ್. ಈ ಎರಕ ಒಂದೆರಡು ಹಾಡಿಗೆ ಚೆಂದ, ಆಲ್ಬಮ್ ತುಂಬ ಅದೇ ಆದಾಗ ಕಿವಿ ಮುಂದಿನದನ್ನು ಮೊದಲೇ ಊಹಿಸುತ್ತದೆ. ಹ್ಯಾರಿಸ್ ಬರೆದದ್ದನ್ನು ಕತ್ತರಿಸಿ ಎಂದು ಹೇಳುವ ಗಟ್ಟಿ ದನಿ ಆ ತಂಡದೊಳಗೆ ಇಲ್ಲ ಎಂದು ಕೇಳುವಾಗಲೆಲ್ಲ ಅನ್ನಿಸುತ್ತದೆ. 1984ರಲ್ಲಿ ಕೋಲ್‌ರಿಜ್ ಕವಿಯ ನಾವಿಕನ ಕಥನವನ್ನು ಹದಿಮೂರುವರೆ ನಿಮಿಷಕ್ಕೆ ಇಳಿಸಿದಾಗ ಇದೇ ಹ್ಯಾರಿಸ್ ಒಂದು ಕ್ಷಣವನ್ನೂ ವ್ಯರ್ಥ ಮಾಡಿರಲಿಲ್ಲ. ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಅವರ ಪ್ರೀತಿಗೆ ನನ್ನ ಗೌರವವಿದೆ, ಆದರೆ ತಮ್ಮ ತಂಡದ ಹೊಸ ಕೆಲಸವನ್ನು ಹಳೆಯದರ ತಕ್ಕಡಿಯಲ್ಲಿಟ್ಟು ತೂಗಲು ಹಿಂಜರಿಯುವುದು ಅಭಿಮಾನದ ದುರ್ಬಲ ಕ್ಷಣ. ಇನ್ನೊಂದು ಚಟವೂ ಅವರಿಗಿದೆ. ಯಾರ ಡ್ರಮ್ ಎಷ್ಟು ವೇಗ, ಯಾವ ಕಛೇರಿಗೆ ಎಷ್ಟು ಸಾವಿರ ಜನ ಎಂಬ ಅಂಕಿ ಲೆಕ್ಕ. ವೇಗವೇ ಗುಣವಾಗಿದ್ದರೆ ನಿಕೋ ಮೆಕ್‌ಬ್ರೇನ್ ದೊಡ್ಡ ಡ್ರಮ್ಮರ್ ಆಗುತ್ತಿರಲಿಲ್ಲ. ಮಿಕ್ಕವರೆಲ್ಲ ಎರಡು ಪೆಡಲ್ ತುಳಿಯುವ ಕಾಲದಲ್ಲಿ ಅವರು ಹೆಚ್ಚುಕಡಿಮೆ ಉದ್ದಕ್ಕೂ ಒಂದೇ ಕಾಲಿನಲ್ಲಿ, ಒಂದೇ ಪೆಡಲ್‌ನಲ್ಲಿ ಆ ಓಟವನ್ನು ಹಿಡಿದವರು.

ಮೆಕ್‌ಬ್ರೇನ್ ಹೆಸರು ಬಂದ ಮೇಲೆ ತಿರುಗಾಟದ ಮಾತು ತಪ್ಪಿಸುವಂತಿಲ್ಲ. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಆಗ ಅವರಿಗೆ ಎಪ್ಪತ್ತು. ಅದೇ ವರ್ಷದ ಮೇ ಹೊತ್ತಿಗೆ ವೇದಿಕೆಯ ಮೇಲಿದ್ದರು. ಕೆಲವು ಹಳೆಯ ಏಟುಗಳು ಇನ್ನು ಸಾಧ್ಯವಿಲ್ಲ ಎಂದು ಅವರೇ ಹೇಳಿಕೊಂಡು, ಇದ್ದ ಶಕ್ತಿಯಲ್ಲಿ ಇಡೀ ಪ್ರವಾಸ ಮುಗಿಸಿ, 2024ರ ಡಿಸೆಂಬರ್ 7ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೊನೆಯ ಸಲ ತಂಡದೊಂದಿಗೆ ಪ್ರವಾಸದ ಕಛೇರಿ ನುಡಿಸಿದರು. ಅವರ ಜಾಗಕ್ಕೆ ಸೈಮನ್ ಡಾಸನ್ ಬಂದರು.

ಹೊರಗಿನವರಿಗೆ ಪ್ರವಾಸವೆಂದರೆ ವಿಮಾನ, ಹೋಟೆಲು, ಮೆರವಣಿಗೆ. ಮೇಡನ್‌ಗೆ ಅದೂ ಇತ್ತು. 2008ರ ಫೆಬ್ರುವರಿ 1ರಂದು ಮುಂಬೈಯಿಂದ ಶುರುವಾದ ಪ್ರವಾಸದಲ್ಲಿ ತಂಡ, ಸಿಬ್ಬಂದಿ, ಸಾಮಾನು ಎಲ್ಲವೂ ಒಂದೇ ಬೋಯಿಂಗ್ 757ರಲ್ಲಿ ಹೋದವು, ವಿಮಾನ ಹಾರಿಸಿದ್ದು ಗಾಯಕ ಡಿಕಿನ್ಸನ್ನರೇ. 45 ದಿನಗಳಲ್ಲಿ 20ಕ್ಕೂ ಹೆಚ್ಚು ಕಛೇರಿ. ಆದರೆ ಈ ವೈಭವದ ಹಿಂದೆ 1984–85ರ ಪ್ರವಾಸದ ಕಥೆ ಇದೆ. ಪೋಲೆಂಡಿನಲ್ಲಿ ಶುರುವಾಗಿ ಹನ್ನೊಂದು ತಿಂಗಳು, 180ಕ್ಕೂ ಹೆಚ್ಚು ಕಛೇರಿ. ಮುಗಿಯುವ ಹೊತ್ತಿಗೆ ಡಿಕಿನ್ಸನ್ ಒಳಗೆ ಬರಿದಾಗಿದ್ದರು. ಮುಂದಿನ ಆಲ್ಬಮ್‌ಗೆ ಅವರು ತಂದ ಮೆಲುದನಿಯ ಹಾಡುಗಳನ್ನು ತಂಡ ಒಪ್ಪಲಿಲ್ಲ, 1986ರ ಆ ಆಲ್ಬಮ್‌ನಲ್ಲಿ ಅವರು ಬರೆದ ಒಂದು ಹಾಡೂ ಇಲ್ಲ. 1993ರಲ್ಲಿ ತಂಡವನ್ನೇ ಬಿಟ್ಟರು. ಅವರ ಜಾಗಕ್ಕೆ ಬಂದ ಬ್ಲೇಝ್ ಬೇಯ್ಲಿ ಅವರದು ತಗ್ಗು ಶ್ರುತಿಯ ದನಿ. ಡಿಕಿನ್ಸನ್‌ಗೆಂದು ಕಟ್ಟಿದ ಎತ್ತರದ ಹಾಡುಗಳನ್ನು ರಾತ್ರಿ ಬಿಟ್ಟು ರಾತ್ರಿ ಹಾಡಿ ಅವರ ಗಂಟಲು ಕೈಕೊಟ್ಟಿತು, ಕಛೇರಿಗಳು ರದ್ದಾದವು. ಇದಕ್ಕೆ ಬೇಯ್ಲಿಯನ್ನು ದೂರುವ ಅಭಿಮಾನಿಗಳು ಬಹಳ. ದೂರಬೇಕಾದದ್ದು ಗಾಯಕನ ಶ್ರುತಿಗೆ ಹಾಡನ್ನು ಇಳಿಸದ ಹಟವನ್ನು. ನಮ್ಮ ಯಾವ ಭಜನಾ ಮಂಡಳಿಯೂ ಹಾಡುಗಾರನ ಶ್ರುತಿ ಕೇಳದೆ ಹಾರ್ಮೋನಿಯಂ ಒತ್ತುವುದಿಲ್ಲ.

ಈಗ ಬೆಂಗಳೂರಿಗೆ ಬರುತ್ತೇನೆ. 2007ರ ಮೈದಾನ ಶೂನ್ಯದಿಂದ ಹುಟ್ಟಿದ್ದಲ್ಲ. 1980ರ ದಶಕದ ಕೊನೆಯಲ್ಲೇ ಮಿಲೇನಿಯಮ್ ತಂಡ ಇಲ್ಲಿ ಮೆಟಲ್ ನುಡಿಸುತ್ತಿತ್ತು. 1990ರ ದಶಕದ ಆರಂಭದಲ್ಲಿ ಡೈಯಿಂಗ್ ಎಂಬ್ರೇಸ್ ಬಂತು, ಇನ್ನೂ ಕತ್ತಲೆಯ, ಇನ್ನೂ ನಿಧಾನದ ಸಂಗೀತದೊಂದಿಗೆ. ನ್ಯಾಷನಲ್ ಲಾ ಸ್ಕೂಲಿನ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆ, 1996ರಿಂದ ಸ್ವಾತಂತ್ರ್ಯ ದಿನದ ಸುತ್ತ ಟಿಕೆಟ್ ಇಲ್ಲದೆ ನಡೆದ ‘ಫ್ರೀಡಂ ಜ್ಯಾಮ್’, ಇವೆಲ್ಲ ಅವರ ಗರಡಿಮನೆಗಳು. ಮೇಡನ್ ಬಂದುಹೋದ ಮೇಲೆ 2008ರಲ್ಲಿ ಮೆಗಾಡೆತ್, 2010ರಲ್ಲಿ ಲ್ಯಾಂಬ್ ಆಫ್ ಗಾಡ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, 2012ರಲ್ಲಿ ಸ್ಲೇಯರ್ ಬಂದವು. ಮೆಟಾಲಿಕಾ ಬರುವ ಎರಡು ದಿನ ಮೊದಲು ಗುರ್ಗಾಂವ್‌ನಲ್ಲಿ ಅದೇ ತಂಡದ ಕಛೇರಿ ಸುರಕ್ಷತೆಯ ಲೋಪದಿಂದ ರದ್ದಾಗಿ, ಜನ ವೇದಿಕೆಗೇ ನುಗ್ಗಿ ಧ್ವಂಸ ಮಾಡಿದ್ದರು. ಬೆಂಗಳೂರಲ್ಲಿ ಕಛೇರಿ ಸುಸೂತ್ರವಾಗಿ ನಡೆಯಿತು. ಇಪ್ಪತ್ತು ವರ್ಷ ಕೇಳಿ ಪಳಗಿದ ಜನಸ್ತೋಮ ಅದು. 2012ರಲ್ಲಿ ಜರ್ಮನಿಯ ಕ್ರಿಯೇಟರ್ ತಂಡವನ್ನು ಕರೆಸಿ ಶುರುವಾದ ‘ಬೆಂಗಳೂರು ಓಪನ್ ಏರ್’ ಉತ್ಸವ ನಿಂತದ್ದೂ ಆ ಕೇಳುಗರ ಮೇಲೆಯೇ.

ಈ ಶಾಲೆಯಲ್ಲಿ ಬೆಳೆದ ಮುಖ್ಯ ತಂಡವೆಂದರೆ ಕ್ರಿಪ್ಟೋಸ್. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ್ದು. ಗಣೇಶ್ ನಂತರ ಹೊರಬಂದರು, ಲೂಯಿಸ್ ಗಿಟಾರ್ ಜೊತೆ ಗಾಯನವನ್ನೂ ಹೊತ್ತರು, ಇನ್ನೊಂದು ಗಿಟಾರ್ ರೋಹಿತ್ ಚತುರ್ವೇದಿಯವರದು. 2004ರಿಂದ 2024ರವರೆಗೆ ಏಳು ಆಲ್ಬಮ್. 2010ರಲ್ಲಿ ಯುರೋಪ್ ಪ್ರವಾಸ, 2013 ಮತ್ತು 2017ರಲ್ಲಿ ಜರ್ಮನಿಯ ವಾಕೆನ್ ಉತ್ಸವ, ಜರ್ಮನಿಯ ಎಎಫ್‌ಎಂ ಸಂಸ್ಥೆಯಿಂದ ಆಲ್ಬಮ್ ಬಿಡುಗಡೆ. ಇಷ್ಟಾದರೂ ಕನ್ನಡ ಪತ್ರಿಕೆ ಓದುವ ಮನೆಗಳಲ್ಲಿ ಈ ಹೆಸರು ಕೇಳಿದವರು ಎಷ್ಟು ಜನ?

ಅವರ ಸಂಗೀತದ ಗುಟ್ಟು ಒಂದು ವಿಚಿತ್ರ ಜೋಡಣೆಯಲ್ಲಿದೆ. ಗಂಟಲು ಒರಟು, ಕರ್ಕಶ, ಹೆಚ್ಚಾಗಿ ಒಂದೇ ಸ್ವರದಲ್ಲಿ ನಿಲ್ಲುತ್ತದೆ. ಹಾಡುವ ಕೆಲಸವನ್ನೆಲ್ಲ ಎರಡು ಗಿಟಾರುಗಳು ಮಾಡುತ್ತವೆ. ಮೇಡನ್, ಜೂಡಾಸ್ ಪ್ರೀಸ್ಟ್ ತಂಡಗಳ ಜೋಡಿ ಗಿಟಾರಿನ ಇಂಪಿನ ಮೇಲೆ ಕ್ರಿಯೇಟರ್‌ನಂಥ ತಂಡಗಳ ಗಂಟಲನ್ನು ಕೂರಿಸಿದ ಕ್ರಮ ಇದು. 2012ರ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’ವರೆಗೆ ಅವರು ತಿರುವು ಮುರುವಿನ ಉದ್ದ ರಚನೆಗಳನ್ನು ಕಟ್ಟುತ್ತಿದ್ದರು. 2016ರ ‘ಬರ್ನ್ ಅಪ್ ದಿ ನೈಟ್’ನಿಂದ ಬಿಗಿ ಮಾಡಿದರು, ನಾಲ್ಕೈದು ನಿಮಿಷದಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಲು ಕಲಿತರು. ನನ್ನ ಮಟ್ಟಿಗೆ 2019ರ ‘ಆಫ್ಟರ್‌ಬರ್ನರ್’ ಅವರ ಅತ್ಯುತ್ತಮ ಕೆಲಸ. ಮುಪ್ಪಿನಲ್ಲಿ ಮೇಡನ್ ಮರೆತ ಮಿತವ್ಯಯ ಅಲ್ಲಿದೆ. ಅದರ ನಂತರದ ಎರಡು ಆಲ್ಬಮ್‌ಗಳಲ್ಲಿ ಅದೇ ಎರಕ ಮತ್ತೆ ಬಂದಿದೆ, ಕೆಲಸ ಚೊಕ್ಕ, ಆದರೆ ಅಪಾಯಕ್ಕೆ ಕೈ ಹಾಕುವ ಧೈರ್ಯ ಕಡಿಮೆ.

ಅವರ ತಿರುಗಾಟಕ್ಕೆ ಬೋಯಿಂಗ್ ಇಲ್ಲ. ಇಂಥ ತಂಡಗಳು ಯುರೋಪಿನಲ್ಲಿ ಬಾಡಿಗೆ ವ್ಯಾನಿನಲ್ಲಿ ಗಿಟಾರು, ಬಟ್ಟೆ, ಮಾರಲು ತಂದ ಟಿ-ಶರ್ಟಿನ ಡಬ್ಬಗಳ ನಡುವೆ ಮುದುಡಿ ಮಲಗಿ, ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತವೆ. ಕೆಲವು ರಾತ್ರಿ ಐನೂರು ಜನ, ಕೆಲವು ರಾತ್ರಿ ಮೂವತ್ತು. ಷೆಂಗೆನ್ ವೀಸಾ, ವಿಮಾನದ ಟಿಕೆಟ್ಟು, ಕೆಲಸದಿಂದ ರಜೆ, ಇವನ್ನೆಲ್ಲ ಹೊಂದಿಸುವುದೇ ಒಂದು ಆಲ್ಬಮ್‌ನಷ್ಟು ಶ್ರಮ. ಇಲ್ಲಿ ಮೆಟಲ್ ನುಡಿಸಿ ಹೊಟ್ಟೆ ಹೊರೆಯಲಾಗದು, ಹಗಲಿಗೊಂದು ನೌಕರಿ ಬೇಕೇಬೇಕು. ಹೀಗೆ ಕಾಲು ಶತಮಾನ ಎಳೆದದ್ದಕ್ಕೆ ಕ್ರಿಪ್ಟೋಸ್‌ಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಊರಲ್ಲಿ ನುಡಿಸುವ ಜಾಗಗಳೂ ಕುಗ್ಗಿವೆ. ಪಬ್ಬುಗಳ ನೇರ ಸಂಗೀತಕ್ಕೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಬೆಂಗಳೂರಿನ ಹಲವು ಚಿಕ್ಕ ವೇದಿಕೆಗಳು ಸ್ತಬ್ಧವಾದವು. ಹೊಸ ತಂಡ ಕಲಿಯುವುದು ಚಿಕ್ಕ ವೇದಿಕೆಯಲ್ಲಿ, ಅರಮನೆ ಮೈದಾನದಲ್ಲಲ್ಲ.

ವಿದೇಶದಲ್ಲಿ ನುಡಿಸುವ ಭಾರತೀಯ ತಂಡಗಳ ಮೇಲೆ ಇನ್ನೊಂದು ಒತ್ತಡವಿದೆ. ನಿಮ್ಮ ಸಂಗೀತದಲ್ಲಿ ಭಾರತ ಎಲ್ಲಿ, ಸಿತಾರ್ ಎಲ್ಲಿ, ತಬಲಾ ಎಲ್ಲಿ ಎಂಬ ಪ್ರಶ್ನೆ. ಕ್ರಿಪ್ಟೋಸ್ ಇದಕ್ಕೆ ಬಗ್ಗಲಿಲ್ಲ. ಅದು ಸರಿಯಾದ ನಿಲುವು. ಯುರೋಪಿನವರ ಕುತೂಹಲ ತಣಿಸಲು ಹಾಡಿಗೆ ತಂಬೂರಿ ಅಂಟಿಸುವ ಹಂಗು ಯಾವ ಕಲಾವಿದನಿಗೂ ಇಲ್ಲ. ದಿಲ್ಲಿಯ ಬ್ಲಡಿವುಡ್ ತಂಡ ಢೋಲು, ಹಿಂದಿ, ಪಂಜಾಬಿ ಬೆರೆಸಿ ಜಗತ್ತು ಸುತ್ತಿತು. ಅವರ ದಾರಿ ಅವರಿಗೆ ಸಹಜ, ಇವರ ದಾರಿ ಇವರಿಗೆ.

ನನ್ನ ತಕರಾರು ಅಲಂಕಾರದ್ದಲ್ಲ, ಮಾತಿನದು. ಮೂರು ದಶಕದ ಈ ಪರಂಪರೆ ಹಾಡಿದ್ದೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ. ಗಣೇಶ್ ಕೃಷ್ಣಸ್ವಾಮಿ ಮುಂದೆ ಹಾಡಿದ ಬೆವರ್ ಸೀ ತಂಡ ಬ್ಲ್ಯಾಕ್ ಸಬ್ಬತ್ ದಾರಿಯ ಭಾರದ, ಮಂದಗತಿಯ ಸಂಗೀತ ಕಟ್ಟಿತು. 2012ರ ಅವರ ಮೊದಲ ಆಲ್ಬಮ್ ಗಟ್ಟಿ ಕೆಲಸ. ತಂಡದ ಹೆಸರಿನಲ್ಲಿ ಕನ್ನಡದ ಬೈಗುಳ ಇದೆ, ಹಾಡಿನಲ್ಲಿ ಕನ್ನಡ ಇಲ್ಲ. ಇದಕ್ಕೆ ಚರಿತ್ರೆಯ ಕಾರಣವಿದೆ. ಬೆಂಗಳೂರಿನ ರಾಕ್ ಸಂಗೀತ ಬೆಳೆದದ್ದು ದಂಡು ಪ್ರದೇಶದಲ್ಲಿ, ಪೇಟೆಯ ಕಡೆ ಅಲ್ಲ. ನುಡಿಸಿದವರಲ್ಲಿ ಅನೇಕರ ಮನೆಮಾತು ಕನ್ನಡವಲ್ಲ. ಅವರನ್ನು ತಪ್ಪಿತಸ್ಥರೆಂದು ನಿಲ್ಲಿಸುವುದು ನ್ಯಾಯವಲ್ಲ. ಆದರೆ ಇವತ್ತಿನ ಕೇಳುಗ ಬದಲಾಗಿದ್ದಾನೆ. ದೇವದುರ್ಗದಿಂದ, ಸಿಂಧನೂರಿನಿಂದ, ಹಾವೇರಿಯಿಂದ ಬಂದು ಕಪ್ಪು ಟಿ-ಶರ್ಟ್ ತೊಟ್ಟು ನಿಂತವನು ಮನೆಯಲ್ಲಿ, ಸಿಟ್ಟಿನಲ್ಲಿ, ಕನಸಿನಲ್ಲಿ ಮಾತಾಡುವುದು ಕನ್ನಡ.

ಕನ್ನಡ ಮೆಟಲ್‌ಗೆ ಒಗ್ಗದು ಎನ್ನುವವರಿದ್ದಾರೆ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಏಟು ಬಿದ್ದಂತೆ ನಿಲ್ಲುವುದಿಲ್ಲ ಎಂಬುದು ಅವರ ವಾದ. ಸಾಲಿನ ಕೊನೆಯನ್ನು ಮಾತ್ರ ನೋಡಿದರೆ ಅದು ನಿಜ. ಆದರೆ ಕನ್ನಡ ಕಾವ್ಯದ ಬಲ ಸಾಲಿನ ತಲೆಯಲ್ಲಿದೆ. ದ್ವಿತೀಯಾಕ್ಷರ ಪ್ರಾಸ ಪ್ರತಿ ಪಾದದ ಎರಡನೇ ಅಕ್ಷರಕ್ಕೆ ಒಂದೇ ವ್ಯಂಜನದ ಪೆಟ್ಟು ಕೊಡುತ್ತದೆ. ಮೆಟಲ್‌ನ ರಿಫ್, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ಗಿಟಾರಿನ ಸಾಲು, ಬಲವಾಗಿ ಬೀಳುವುದೂ ಅಲ್ಲೇ, ಸುತ್ತಿನ ಆರಂಭದಲ್ಲಿ. ಒತ್ತಕ್ಷರಗಳ ಸಾಲು ಬೇಕೆಂದರೆ ಹಳಗನ್ನಡದಷ್ಟು ಶ್ರೀಮಂತ ಉಗ್ರಾಣ ಇನ್ನಾವುದು? ಮೇಡನ್ ಕೋಲ್‌ರಿಜ್ ಕವಿಯನ್ನು ಹಿಡಿದರು, ಈಜಿಪ್ಟಿನ ಫೆರೋಗಳನ್ನು ಹಾಡಾಗಿಸಿದರು. ನಮ್ಮಲ್ಲಿ ರನ್ನನ ಗದಾಯುದ್ಧ ಇದೆ. ಹೆಣಗಳನ್ನು ದಾಟುತ್ತ ರಣಭೂಮಿಯಲ್ಲಿ ನಡೆಯುವ ದುರ್ಯೋಧನ, ವೈಶಂಪಾಯನ ಸರೋವರದ ನೀರಲ್ಲಿ ಅಡಗಿದವನನ್ನು ಹೊರಗೆಳೆಯುವ ಭೀಮನ ಗರ್ಜನೆ. ಈ ಸಂಗೀತಕ್ಕೆ ಹೇಳಿ ಮಾಡಿಸಿದ ವಸ್ತು. ಪುರಾಣ ಬೇಡವೆಂದರೆ 1520ರ ರಾಯಚೂರು ಯುದ್ಧ ಇದೆ, ಹಟ್ಟಿಯ ಗಣಿಯ ಕತ್ತಲೆ ಇದೆ, ಕೃಷ್ಣೆ ತುಂಗಭದ್ರೆಯರ ನಡುವೆ ಇದ್ದೂ ಬರಗಾಲಕ್ಕೆ ಗುಳೆ ಹೋಗುವ ನಮ್ಮ ಜನ ಇದ್ದಾರೆ. ಗಿಟಾರಿನ ಮೇಲೆ ಕನ್ನಡ ನಿಲ್ಲುತ್ತದೆ ಎಂಬುದಕ್ಕೆ ಸಾಕ್ಷಿಯೂ ಇದೆ. ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಹಾಡಿದಾಗ ಅವು ಯಾವ ಜಾಹೀರಾತೂ ಇಲ್ಲದೆ ನಮ್ಮ ಕಾಲೇಜುಗಳ ವಾರ್ಷಿಕೋತ್ಸವದ ವೇದಿಕೆಗೆ ಬಂದವು. ಅದು ಮೆಟಲ್ ಅಲ್ಲ, ಹಗುರ ಧಾಟಿಯ ಸಂಗೀತ. ಭಾರದ ಧಾಟಿಗೂ ದಾರಿ ಅದೇ.

ಬ್ಲ್ಯಾಕ್ ಸಬ್ಬತ್ 2025ರ ಜುಲೈ 5ರಂದು ಹುಟ್ಟಿದ ಊರಿನಲ್ಲೇ ಕೊನೆಯ ಕಛೇರಿ ಮಾಡಿತು, ಅದೇ ತಿಂಗಳ 22ರಂದು ಗಾಯಕ ಓಝಿ ಆಸ್ಬರ್ನ್ ತೀರಿಕೊಂಡರು. ಮೊದಲ ತಲೆಮಾರು ಮುಗಿಯುತ್ತಿದೆ. ಮೇಡನ್ ಮತ್ತೆ ಅರಮನೆ ಮೈದಾನಕ್ಕೆ ಬರಲಿ ಎಂದು ಕಾಯುವುದರಲ್ಲಿ ತಪ್ಪಿಲ್ಲ, ಆದರೆ ಕಾಯುವುದೇ ಪರಂಪರೆಯಾಗಬಾರದು. ಬೆಂಗಳೂರಿನ ತಂಡಗಳಲ್ಲಿ, ಉತ್ಸವ ನಡೆಸುವವರಲ್ಲಿ ನನ್ನ ಕೋರಿಕೆ ಇದು: ಜರ್ಮನಿಗೆ ಹೋಗುವ ದಾರಿ ನಿಮಗೆ ಗೊತ್ತಾಗಿದೆ, ರಾಯಚೂರಿಗೆ ಒಂದು ರಾತ್ರಿಯ ಗಾಡಿ ಸಾಕು. ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ ಇದೆ, ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಬೇಕೆಂಬ ನಿಯಮಕ್ಕೆ ಸಂಜೆ ಆರಕ್ಕೇ ಶುರು ಮಾಡಿದರಾಯಿತು. ಬನ್ನಿ, ನುಡಿಸಿ, ಒಂದು ಹಾಡಾದರೂ ಕನ್ನಡದ್ದಿರಲಿ. ನಮ್ಮ ಹುಡುಗರು ಅದನ್ನು ಊರಿಗೆ ಒಯ್ಯುತ್ತಾರೆ.